ಸಾಹುಕಾರರ ಮಗಳಿಗೆ ಕಟ್ಟಿದ ಬಾಸಿಂಗ

ಕಟ್ಟಿ ಕೊಟ್ಟ ಬಾಸಿಂಗ ಮದುವೆಯ ಹಂದರದಿಂದ ತಿರುಗಿ ಬಂದರೆ ಹೂಗಾರರ ಮನೆಯಲ್ಲಿ ಅವತ್ತು ಒಲೆ ಹೊತ್ತುವುದಿಲ್ಲ. ಹೊತ್ತಿಸಬಾರದೆಂದು ಯಾರೂ ಹೇಳಿಲ್ಲ. ಯಾರಿಗೂ ಮನಸ್ಸಾಗುವುದಿಲ್ಲ, ಅಷ್ಟೇ. ನಮ್ಮಪ್ಪನ ಜೀವಮಾನದಲ್ಲಿ ಅಂಥದ್ದು ಒಮ್ಮೆ ಆಯಿತು. ದೊಡ್ಡ ಯುದ್ಧ ಶುರುವಾಗಿ ಪೇಟೆಯಲ್ಲಿ ಸಾಮಾನು ಸಿಗದಂತಾದ ಕಾಲ. ಶಿಗ್ಗಾವಿಯ ಮದುವೆ. ಬಾಸಿಂಗ ಕಟ್ಟಿದವಳು ನಾನು. ತಿರುಗಿ ಕಳಿಸಿದವರು ಸವಣೂರು ಪೇಟೆಯ ಸಾಹುಕಾರರು. ಅವರ ಹೆಸರು ಇಲ್ಲಿ ಬೇಡ. ಬಹುವಚನ ಮಾತ್ರ ತಪ್ಪುವುದಿಲ್ಲ. ಅಂಗಡಿಯ ಕಟ್ಟೆಯ ಕೆಳಗೆ ನಿಂತು ಮಾತಾಡಿ ರೂಢಿಯಾದ ನಾಲಿಗೆ, ಸಿಟ್ಟು ಬಂದರೂ ಅದು ಹಾಗೆಯೇ ಹೊರಳುತ್ತದೆ.

ನಮ್ಮ ಮನೆ ಸವಣೂರಿನಲ್ಲಿ. ಗುಡಿಗೆ ಹೂವು, ಪತ್ರಿ ಕೊಡುವುದು, ಮದುವೆಗೆ ಬಾಸಿಂಗ ಕಟ್ಟುವುದು, ಸಾವಾದ ಮನೆಗೆ ಹೋಗಿ ವಿಮಾನ ಸಿಂಗರಿಸುವುದು ನಮ್ಮ ಮನೆತನದ ಕೆಲಸ. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ಮಂಟಪ ಕಟ್ಟಿ, ಅದರಲ್ಲಿ ಕೂರಿಸಿ, ಹೂವು ಬೇಗಡಿ ಹಚ್ಚಿ, ಭಜನೆ ಮಾಡುತ್ತ ಒಯ್ಯುತ್ತೇವೆ. ಆ ಮಂಟಪಕ್ಕೇ ವಿಮಾನ ಎನ್ನುವುದು. ಹೀಗಾಗಿ ನಮ್ಮ ಮನೆಯ ಕತ್ತರಿ, ಅಂಟಿನ ಕುಡಿಕೆ ಮದುವೆಗೂ ಅವೇ, ಮಣ್ಣಿಗೂ ಅವೇ. ಇದರಲ್ಲಿ ನಮಗೆ ವಿಶೇಷವೇನೂ ಕಾಣುತ್ತಿರಲಿಲ್ಲ. "ಕೊಳ್ಳಾಗ ಲಿಂಗ ಇದ್ದವರಿಗೆ ಸೂತಕ ಇಲ್ಲ, ಎಂಜಲ ಇಲ್ಲ" ಎಂದು ಅಪ್ಪ ಹೇಳುತ್ತಿದ್ದ. ಅವನು ಹೇಳಿದ್ದನ್ನು ನಂಬುತ್ತಲೂ ಇದ್ದ. ಊರಿನಲ್ಲಿ ಹೇಳುವವರು ಬಹಳ, ನಂಬುವವರು ಕಡಿಮೆ.

ಬಾಸಿಂಗಕ್ಕೆ ಬೇಗಡಿಯೇ ಜೀವ. ಕಾಗದಕ್ಕಿಂತ ತೆಳ್ಳಗಿನ ಹೊಳೆಯುವ ತಗಡು ಅದು. ಬಂಗಾರ ಬಣ್ಣದ ಬೇಗಡಿ ಜರ್ಮನಿಯಿಂದ ಬರುತ್ತಿತ್ತು. ಯುದ್ಧ ಬಂದದ್ದೇ ಅದು ನಿಂತಿತು. ಸಾಹುಕಾರರ ಅಂಗಡಿಯಲ್ಲಿ ಹಳೆಯ ದಾಸ್ತಾನು ಇತ್ತು. ಆದರೆ ಅವರು ನಮಗೆ ಮಾರುವುದನ್ನು ಬಿಟ್ಟರು. ಯಾಕೆಂದರೆ ಅವರು ಪುಣೆಯಿಂದ ಸಿದ್ಧ ಬಾಸಿಂಗ ತರಿಸಿ ಮಾರಲು ಶುರು ಮಾಡಿದ್ದರು. ಬೇಗಡಿ ಇಲ್ಲದೆ ಹೂಗಾರರ ಕೈ ಕಟ್ಟಿದರೆ ಮದುವೆಯವರೆಲ್ಲ ಅವರ ಅಂಗಡಿಗೇ ಬರಬೇಕು. ಲೆಕ್ಕ ಸರಿಯಾಗಿಯೇ ಇತ್ತು.

ನಮ್ಮ ಮನೆಯವರು, ಮನೆಅಳಿಯರಾಗಿ ಬಂದ ನನ್ನ ಗಂಡ, ಹೂವು, ಎಲೆಯ ಬುಟ್ಟಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಯಲವಿಗಿ ಸ್ಟೇಷನ್ನಿಗೆ ಹೋಗಿ ಹುಬ್ಬಳ್ಳಿಯ ರೈಲಿಗೆ ಹಾಕಿ ಬರುತ್ತಿದ್ದರು. ಆಗ ದಂಡಿನ ರೈಲುಗಾಡಿಗಳು ಬಹಳ ಓಡಾಡುತ್ತಿದ್ದವು. ಕಿಟಕಿಯಿಂದ ಸಿಗರೇಟಿನ ಖಾಲಿ ಪಾಕೀಟುಗಳು ಬೀಳುತ್ತಿದ್ದವು. ಒಳಗಿನ ಬೆಳ್ಳಿ ಕಾಗದ ನೋಡಿ ನಾನೇ ಅವರಿಗೆ ಆರಿಸಿ ತರಲು ಹೇಳಿದೆ. ಬಿಸಿನೀರಿನಲ್ಲಿ ನೆನೆಸಿದರೆ ಹಿಂದಿನ ಕಾಗದ ಬಿಡುತ್ತದೆ, ಬರಿಯ ತಗಡು ಉಳಿಯುತ್ತದೆ. ಅದನ್ನು ಬರೆಯುವ ಪಾಟಿಯ ಮೇಲೆ ಹಾಸಿ ಕವಡೆಯಿಂದ ತಿಕ್ಕಿದರೆ ಸುಕ್ಕು ಹೋಗುತ್ತದೆ. ಚಹಾ ಪೆಟ್ಟಿಗೆಯೊಳಗಿನ ತಗಡು ಸ್ವಲ್ಪ ದಪ್ಪ, ಅದು ಬಾಸಿಂಗದ ಮೇಲಿನ ಗಿಳಿ ನವಿಲುಗಳ ಮೈಗೆ ಆಗುತ್ತದೆ. ಔಷಧದ ಡಬ್ಬಿಯ ರಟ್ಟು ಹಿಂಬದಿಗೆ. ಬಳೆಗಾರರು ಒಗೆದ ಬಳೆಚೂರು ಮಣಿಗಳ ಬದಲು. ಹರಿದ ಸೀರೆಯ ಸೆರಗಿನಿಂದ ಬಿಚ್ಚಿದ ಜರಿ. ಅಂಟಿಗೆ ಮಾತ್ರ ನಮ್ಮ ಹುಣಸೆಬೀಜವೇ, ಅದಕ್ಕೆ ಯಾವ ಯುದ್ಧವೂ ಅಡ್ಡ ಬಂದಿರಲಿಲ್ಲ. ಹೀಗೆ ಕಟ್ಟಿದ ಬಾಸಿಂಗ ಬೆಳ್ಳಗೆ, ಬೆಳದಿಂಗಳ ಹಾಗೆ ಇರುತ್ತಿತ್ತು. ಹಾನಗಲ್ಲಿನ ಸಂತೆಯಲ್ಲಿ ಬಡವರು ಮಾತಾಡದೆ ಒಯ್ದರು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನನಗಿಂತ ಛಲೋ ಕಟ್ಟೀ" ಎಂದಿದ್ದ.

ಶಿಗ್ಗಾವಿಯವರು ಬಡವರಲ್ಲ, ಆದರೆ ಅಪ್ಪನ ಹಳೆಯ ಗುರುತಿನವರು, ಅದಕ್ಕೇ ನಮಗೆ ಹೇಳಿದ್ದರು. ಬಾಸಿಂಗ ಒಯ್ಯುವುದಕ್ಕೆ ಒಂದು ಪದ್ಧತಿ ಇದೆ. ಮೊರದಲ್ಲಿ ಅಕ್ಕಿ ಹರವಿ ಅದರ ಮೇಲೆ ಬಾಸಿಂಗ ಇಟ್ಟು ಕುಬಸದ ಕಣ, ಎಂದರೆ ರವಿಕೆಯ ಬಟ್ಟೆ, ಹೊದಿಸಬೇಕು. ಹೆಣ್ಣಿನ ಕಡೆಯ ಹಿರಿಯರು ಕಣ ಸರಿಸಿ ನೋಡಿ, ಎರಡೂ ಕೈಯಿಂದ ಎತ್ತಿ ಮದುವೆ ಮಾಡಿಸುವ ಅಯ್ಯನವರ ಕೈಗೆ ಕೊಡಬೇಕು. ಅಯ್ಯನವರ ಕೈಗೆ ಹೋದ ಮೇಲೆ ಅದು ತಿರುಗುವಂತಿಲ್ಲ. ಅವತ್ತು ಆ ಹಿರಿಯರ ಜಾಗದಲ್ಲಿ ಕುಳಿತವರು ಸಾಹುಕಾರರು. ಹುಡುಗಿಯ ಮನೆಗೆ ಅವರು ದೂರದ ಬೀಗರಂತೆ. ಕಣ ಸರಿಸಿದರು. ಒಂದು ಗಿಳಿಯ ರೆಕ್ಕೆಯನ್ನು ಉಗುರಿನಿಂದ ಎಬ್ಬಿಸಿ ಮೂಗಿನ ಹತ್ತಿರ ಒಯ್ದರು.

"ಇದು ಸಿಗರೇಟಿನ ಕಾಗದ ಅಲ್ಲೇನ?" ಎಂದು ಅಪ್ಪನನ್ನು ಕೇಳಿದರು.

"ಹೌದ್ರಿ," ಎಂದ ಅಪ್ಪ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. "ಛಂದಂಗ ತೊಳದೇವ್ರಿ. ಈಗ ಹೊಸಾ ಬೇಗಡಿ ಎಲ್ಲಿ ಸಿಗ್ತೈತ್ರಿ?"

"ಟೇಸನ್ದಾಗ ಸೇದಿ ಒಗದಿದ್ದು. ಯಾವನೋ ಗೋರಾ ಸಿಪಾಯಿ ಎಂಜಲ. ತಿಪ್ಪಿ ಆರಿಸಿ ತಂದು ನಮ್ಮ ಹುಡುಗಿ ಹಣಿಗೆ ಕಟ್ತೇನಂತೀ. ನಿನಗ ನಾಚಿಕಿ ಬರಂಗಿಲ್ಲೇನ?"

ಹಂದರದಲ್ಲಿ ಗುಸುಗುಸು ಎದ್ದಿತು. ಸಾಹುಕಾರರ ಆಳು ಕೈಚೀಲದಿಂದ ಪುಣೆಯ ಬಾಸಿಂಗ ತೆಗೆದ. ಬರುವಾಗಲೇ ಅದನ್ನು ತಂದಿದ್ದರು. ನಾನು ಹೆಂಗಸರ ನಡುವೆ ನಿಂತು ಅದನ್ನು ನೋಡಿದೆ. ಅಪ್ಪ ನನ್ನ ಬಾಸಿಂಗದ ಮೇಲೆ ಕಣ ಸರಿಯಾಗಿ ಎಳೆದು, ಮೊರ ಎತ್ತಿಕೊಂಡು, ತಲೆ ತಗ್ಗಿಸಿ ಮಂದಿಯ ನಡುವಿನಿಂದ ಹೊರಗೆ ಬಂದ. ಆ ನಡಿಗೆ ನನ್ನ ಕಣ್ಣಲ್ಲಿ ಇನ್ನೂ ಇದೆ. ಅದಕ್ಕಾಗಿಯೇ ಇಷ್ಟೆಲ್ಲ ಆದದ್ದು.

ಆಮೇಲೆ ಅಪ್ಪ ಕತ್ತರಿ ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಮಳೆಗಾಲ ಕಳೆಯುವ ಮೊದಲೇ ಹೋಗಿಬಿಟ್ಟ. ಊರಿನ ಅರ್ಧ ಹಿರಿಯರ ವಿಮಾನಕ್ಕೆ ಬೇಗಡಿ ಹಚ್ಚಿದ ಮನುಷ್ಯ. ಅವನ ವಿಮಾನಕ್ಕೆ ಒಂದು ಹಾಳೆಯಾದರೂ ಬಂಗಾರ ಬೇಗಡಿ ಹಚ್ಚಬೇಕೆಂದು ನಾನು ಅಳುವುದನ್ನು ಬಿಟ್ಟು ಪೇಟೆಗೆ ಓಡಿದೆ.

"ಒಂದು ಹಾಳಿ ಕೊಡ್ರಿ ಸಾಹುಕಾರ್ರ. ಅಪ್ಪ ಹ್ವಾದ. ರೊಕ್ಕ ತಂದೇನಿ."

"ಬೇಗಡಿ ಎಲ್ಲೈತಿ? ಯುದ್ಧ ನಡದದ್ದು ಗೊತ್ತಿಲ್ಲೇನು?"

"ಕಪಾಟಿನ್ಯಾಗ ಐತ್ರಿ. ಮಂದಿ ನೋಡ್ಯಾರ."

"ಇದ್ರ ಅದು ಮದಿವಿಗಿ ಇಟ್ಟದ್ದು. ಸತ್ತಾವಗ ಯಾಕ ಬೇಕವಾ ಬೇಗಡಿ? ನಿಮ್ಮ ಮನ್ಯಾಗ ಸಿಗರೇಟಿನ ಕಾಗದ ಬೇಕಾದಷ್ಟು ಐತೆಲ್ಲಾ, ಅದನ್ನ ಹಚ್ಚು."

ಅಂಗಡಿಯಲ್ಲಿ ಕುಳಿತಿದ್ದ ಇಬ್ಬರು ನಕ್ಕರು. ಅಪ್ಪನನ್ನು ಬಾಳೆಎಲೆ, ಚೆಂಡುಹೂವಿನಲ್ಲಿ ಕಳಿಸಿದೆವು. ಸಿಗರೇಟಿನ ತಗಡು ಮನೆಯಲ್ಲಿ ಇತ್ತು, ಹಚ್ಚಲಿಲ್ಲ. ಹಚ್ಚಿದ್ದರೆ ಅವರ ಮಾತು ಕೇಳಿದಂತಾಗುತ್ತಿತ್ತು. ಕುಣಿಗೆ ಮಣ್ಣು ಹಾಕುವಾಗ ನಾನು ಶಿವನನ್ನು ಬೇಡಿಕೊಳ್ಳಲಿಲ್ಲ. ಈ ಮನುಷ್ಯನಿಗೆ ಒಂದು ದಿನ ನನ್ನ ಹತ್ತಿರ ಕೆಲಸ ಬೀಳಲಿ ಎಂದು ಬೇಡಿಕೊಂಡೆ.

ಬಿತ್ತು. ಮರುವರ್ಷ ದೀಪಾವಳಿ ಕಳೆದ ಮೇಲೆ ಸಾಹುಕಾರರ ತಾಯಿ ತೀರಿಕೊಂಡರು. ಮುದುಕಿ ಒಳ್ಳೆಯವಳು, ಸಣ್ಣವಳಿದ್ದಾಗ ನನಗೆ ಬೆಲ್ಲ ಕೊಡುತ್ತಿದ್ದಳು. ವಿಮಾನ ಸಿಂಗರಿಸಲು ಕರೆ ಬಂತು. ಸಾವಿನ ಮನೆಯ ಕರೆಗೆ ಹೂಗಾರರು ಇಲ್ಲ ಎನ್ನುವಂತಿಲ್ಲ. ಹೋದೆ. ಸಾಹುಕಾರರು ಕಪಾಟು ತೆರೆದರು. ಮೇಲಿನಿಂದ ಕೆಳಗಿನವರೆಗೆ ಸುರುಳಿ ಸುರುಳಿ ಜರ್ಮನ್ ಬೇಗಡಿ, ಬಂಗಾರದ್ದು.

"ಎಲ್ಲಾ ಹಚ್ಚು. ಒಂದೂ ಉಳಸಬ್ಯಾಡ. ನಮ್ಮವ್ವ ಹ್ವಾದದ್ದು ಮಂದಿ ನೆನಸಬೇಕು," ಎಂದರು.

ಎಲ್ಲವನ್ನೂ ಹಚ್ಚಿದೆ. ಕೆಲಸದಲ್ಲಿ ಮೋಸ ಮಾಡಲಿಲ್ಲ. ಕಂಬಗಳಿಗೆ ಸುತ್ತಿ, ಕಮಾನಿಗೆ ಕಮಲ ಕತ್ತರಿಸಿ ಹಚ್ಚಿ, ಮೇಲೆ ಕಳಸ ಮಾಡಿದೆ. ಬಿಸಿಲಿಗೆ ವಿಮಾನ ಎತ್ತಿದಾಗ ಮಂದಿ ಕಣ್ಣಿಗೆ ಕೈ ಅಡ್ಡ ಹಿಡಿದರು. ಸಾಹುಕಾರರು ಅಳುತ್ತಲೇ ಅದನ್ನು ನೋಡಿ ಹೆಮ್ಮೆಪಟ್ಟರು. ನಾನೂ ನೋಡುತ್ತಿದ್ದೆ. ನನ್ನ ಲೆಕ್ಕ ಬೇರೆ ಇತ್ತು. ಮನೆಯಲ್ಲಿ ಸಾವಾದರೆ ವರ್ಷದೊಳಗೆ ಒಂದು ಮದುವೆ ಮಾಡಿಬಿಡಬೇಕು, ಇಲ್ಲವಾದರೆ ಮುಂದೆ ಬಹಳ ಕಾಯಬೇಕು ಎಂಬುದು ನಮ್ಮ ಕಡೆಯ ಮಾತು. ಸಾಹುಕಾರರಿಗೆ ಬೆಳೆದ ಮಗಳಿದ್ದಳು. ಮಾತು ಹಿರೇಕೆರೂರಿನ ಕಡೆ, ಅಬಲೂರಿನ ದೊಡ್ಡ ಮನೆತನದಲ್ಲಿ ನಡೆದಿತ್ತು. ಮದುವೆಗೆಂದು ಇಟ್ಟ ಬೇಗಡಿಯನ್ನೆಲ್ಲ ಜಂಬಕ್ಕೆ ಮಣ್ಣಿಗೆ ಕಳಿಸಿದ್ದರು.

ಕುಣಿಯ ಕೆಲಸ ಮುಗಿದ ಮೇಲೆ ವಿಮಾನವನ್ನು ಮುರಿದು ಅಲ್ಲೇ ಬಿಟ್ಟು ಬರುತ್ತಾರೆ. ಅದರ ಒಂದು ಎಳೆ ದಾರವನ್ನೂ ಮನೆಗೆ ತರುವುದಿಲ್ಲ. ಮರುದಿನ ಬೆಳಿಗ್ಗೆ ಪತ್ರಿ ಬುಟ್ಟಿ ಹಿಡಿದು ಹೋಗಿ ಆ ಬೇಗಡಿಯನ್ನೆಲ್ಲ ಬಿಡಿಸಿ ತಂದೆ. ಮನೆಯವರು ಬಾಗಿಲಲ್ಲೇ ತಡೆದರು.

"ಮಣ್ಣಿನ್ದು ಮನಿಗಿ ತರ್ತೀ ಏನ? ತಲಿ ಕೆಟ್ಟೈತೇನ ನಿಂದು?"

"ನಮಗ ಸೂತಕ ಐತೇನ್ರಿ?"

"ಸೂತಕ ಇಲ್ಲ. ಮಂದಿ ಅದಾರಲ್ಲ."

"ಮಂದಿಗ್ಯಾರು ಹೇಳಾವ್ರು? ನೀವು ಹೇಳ್ತೀರೇನ್ರಿ?"

ಅವರು ಬಾಗಿಲಿನಿಂದ ಸರಿದರು. ಅದನ್ನೆಲ್ಲ ಗಡಿಗೆಯಲ್ಲಿ ತುಂಬಿ ಹಿತ್ತಿಲ ಕೋಣೆಯಲ್ಲಿಟ್ಟೆ. ನನ್ನ ಮನಸ್ಸಿನಲ್ಲಿದ್ದದ್ದು ನೇರವಾದ ವಿಚಾರ. ಎಂಜಲು ಎಂದು ನನ್ನ ಬಾಸಿಂಗ ತಿರುಗಿಸಿದವರ ಮಗಳ ಹಣೆಗೆ ಅವರ ತಾಯಿಯ ವಿಮಾನದ ಬೇಗಡಿಯನ್ನೇ ಕಟ್ಟುವುದು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿರಲಿಲ್ಲ, ಅವಳಿಗೆ ಅದರಿಂದ ಏನೂ ಆಗುವುದಿಲ್ಲ ಎಂದೂ ಗೊತ್ತಿತ್ತು. ತಗಡಿಗೆ ಏನು ಗೊತ್ತು ಸಾವು, ಮದುವೆ. ಆಗುವುದೇನಿದ್ದರೂ ಸಾಹುಕಾರರಿಗೆ ಆಗಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಬೇಸಿಗೆಗೆ ಮದುವೆ ಗೊತ್ತಾಯಿತು. ಪುಣೆಗೆ ಹೇಳಿ ಕಳಿಸಿದ ಬಾಸಿಂಗದ ಪಾರ್ಸಲ್ಲು ಬರಲಿಲ್ಲ. ಗೂಡ್ಸ್ ಗಾಡಿಗಳೆಲ್ಲ ದಂಡಿನ ಸಾಮಾನು ಹೊರುತ್ತಿದ್ದವು. ಸಾಹುಕಾರರ ಆಳು ದಿನಾ ಯಲವಿಗಿಗೆ ಹೋಗಿ ಬರಿಗೈಯಲ್ಲಿ ತಿರುಗುತ್ತಾನೆಂದು ಮನೆಯವರು ನಗುತ್ತ ಹೇಳುತ್ತಿದ್ದರು. ಕಡೆಗೆ ಒಂದು ಮಧ್ಯಾಹ್ನ ಸಾಹುಕಾರರೇ ನಮ್ಮ ಮನೆಗೆ ಬಂದರು. ಎಲೆ ಅಡಿಕೆಯ ತಾಟು ತಂದಿದ್ದರು. ವೀಳ್ಯ ಮುಂದಿಟ್ಟರೆ ನಾವು ಒಲ್ಲೆ ಎನ್ನುವಂತಿಲ್ಲ. ಅದು ಅವರಿಗೆ ಗೊತ್ತು. ನಾನು ಕಂಬಳಿ ಹಾಸಲಿಲ್ಲ, ಕುಂಡ್ರಿ ಎನ್ನಲಿಲ್ಲ. ನಿಂತೇ ಮಾತಾಡಿದರು.

"ಬಾಸಿಂಗ ಆಗಬೇಕಾಗೇತಿ, ತಂಗಿ."

ತಂಗಿ ಎಂದದ್ದು ಅದೇ ಮೊದಲು. "ಮಾಡೂಣಂತ್ರಿ," ಎಂದೆ.

"ಬಂಗಾರದ್ದ ಆಗಬೇಕು. ಬಿಳೇದು ಕಂಡ್ರ ಬೀಗರು ಹಂದರದಾಗಿಂದ ಎದ್ದ ಹೊಕ್ಕಾರ. ದೊಡ್ಡ ಮಂದಿ ಅವರು. ಬೇಗಡಿಗಿ ಏನ್ ಮಾಡ್ತೀ?"

"ಅದರ ಚಿಂತಿ ನಿಮಗ್ಯಾಕ್ರಿ? ಬಂಗಾರದ್ದ ಕೊಡ್ತೇನಿ."

ಅವರು ತಾಟನ್ನು ಕಟ್ಟೆಯ ಮೇಲಿಟ್ಟು ಹೋದರು. ನಾನು ಅವರ ಬೆನ್ನು ನೋಡುತ್ತ ನಿಂತೆ. ಇಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಗಡಿಗೆ ಬಿಚ್ಚಿದೆ. ಅಲ್ಲಿಂದ ನನ್ನ ಗ್ರಹಚಾರ ಶುರು. ವಿಮಾನಕ್ಕೆ ಬೇಗಡಿ ಹಚ್ಚುವುದು ಹಿಟ್ಟಿನ ಅಂಬಲಿಯಿಂದ, ಬೇಗ ಆಗಬೇಕಲ್ಲ. ಆ ಹಿಟ್ಟು ಗಡಿಗೆಯೊಳಗೆ ಬೂಸಲು ಹಿಡಿದಿತ್ತು. ಚೆಂಡುಹೂವಿನ ಕಲೆ ಬೇರೆ. ಮೊದಲು ಅಂಟುವಾಳದ ನೀರಿನಲ್ಲಿ ತೊಳೆದೆ. ಹಿಟ್ಟು ಹೋಯಿತು, ಅದರ ಜೊತೆ ಬಂಗಾರವೂ ಹೋಯಿತು. ಕೆಳಗೆ ಬೆಳ್ಳನೆಯ ತಗಡು ಕುಷ್ಠ ಹತ್ತಿದಂತೆ ಕಾಣಿಸಿತು. ಜರ್ಮನಿಯವರ ಬಂಗಾರ ಬರೀ ಮೇಲಿನ ಬಣ್ಣ ಎಂದು ನನಗೆ ಅವತ್ತು ತಿಳಿಯಿತು. ಉಳಿದದ್ದನ್ನು ನೀರು ಮುಟ್ಟಿಸದೆ ಗೋಧಿ ತೌಡಿನಿಂದ ತಿಕ್ಕಿದೆ. ಬೂಸಲು ಬಿಟ್ಟಲ್ಲಿ ಬಣ್ಣ ಬಿಟ್ಟಿತು, ಬಣ್ಣ ಉಳಿದಲ್ಲಿ ಬೂಸಲು ಉಳಿಯಿತು. ಬಿಸಿ ಹಬೆ ತೋರಿಸಿದೆ, ಮುದುರಿಕೊಂಡಿತು. ಹುಡುಕಿ ಕತ್ತರಿಸಿದರೆ ಒಂದು ಗಿಳಿಯ ಕೊಕ್ಕಿಗೆ ಆಗುವಷ್ಟೂ ಸರಿಯಾದ ತುಂಡು ಸಿಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗಡಿಗೆಯನ್ನು ಒದ್ದು ಅತ್ತೆ.

ಅತ್ತರೆ ಬಾಸಿಂಗ ಆಗುವುದಿಲ್ಲ. ವೀಳ್ಯ ತೆಗೆದುಕೊಂಡು ಆಗಿತ್ತು. ಈಗ ನಾನು ಬಿಳಿಯದನ್ನು ಒಯ್ದರೆ ಸಾಹುಕಾರರು ಎರಡನೆಯ ಸಲ ಅದನ್ನು ತಿರುಗಿಸುತ್ತಾರೆ, ಮಂದಿ ಎದುರಿಗೆ, ಈ ಸಲ ನ್ಯಾಯ ಅವರ ಕಡೆಗೇ ಇರುತ್ತದೆ. ಆ ಮೇಲೆ ನಮ್ಮ ಮನೆಯ ಬಾಸಿಂಗವನ್ನು ನಾಲ್ಕೂ ತಾಲೂಕಿನಲ್ಲಿ ಯಾರೂ ಮುಟ್ಟುವುದಿಲ್ಲ. ಅಪ್ಪ ತಲೆ ತಗ್ಗಿಸಿ ನಡೆದ ಹಾದಿಯಲ್ಲೇ ನಾನೂ ನಡೆಯಬೇಕು.

ಬಣ್ಣ ಹೋದ ಆ ತಗಡನ್ನು ಕೈಯಲ್ಲಿ ಹಿಡಿದು ಕುಳಿತಾಗಲೇ ಹೊಳೆದದ್ದು. ಜರ್ಮನಿಯವರು ಬಿಳಿ ತಗಡಿಗೆ ಹಳದಿ ಬಳಿದು ಬಂಗಾರ ಎಂದು ಮಾರಿದ್ದರೆ, ನನ್ನ ಹತ್ತಿರವೂ ಬಿಳಿ ತಗಡು ಇದೆ. ಬಳಿಯುವುದೊಂದು ಬೇಕು. ಮೊದಲು ಅರಿಷಿಣ ಕಲಸಿದ ಅಂಟು ಬಳಿದೆ. ಮಂಕಾಯಿತು, ತಗಡಿನ ಹೊಳಪೇ ಮುಚ್ಚಿತು. ಬಣ್ಣ ತಿಳಿಯಾಗಿರಬೇಕು, ಗಾಜಿನಂತೆ ಇರಬೇಕು ಎಂದು ಆಗ ಗೊತ್ತಾಯಿತು. ಗಾಡಿಯ ನೊಗಕ್ಕೆ, ಬಾಗಿಲಿಗೆ ಬಡಿಗೇರರು ಅಗಸೆಎಣ್ಣೆಯಲ್ಲಿ ರಾಳ ಕುದಿಸಿ ಬಳಿಯುತ್ತಾರೆ. ಅದನ್ನು ತಂದು ಅದರಲ್ಲಿ ಅರಿಷಿಣ ಹಾಕಿ ಸೋಸಿ ಬಳಿದೆ. ಬಂಗಾರವೇ ಬಂತು. ಮನೆಯವರನ್ನು ಕೂಗಿ ತೋರಿಸಿದೆ. ಬಿಸಿಲಿಗೆ ಒಣಗಲು ಇಟ್ಟೆ. ಸಂಜೆಗೆ ನೋಡಿದರೆ ಅರ್ಧ ಬಣ್ಣ ಹಾರಿ ಮಜ್ಜಿಗೆಯ ಹಾಗೆ ಆಗಿತ್ತು. ಅರಿಷಿಣ ಬಿಸಿಲು ತಡೆಯುವುದಿಲ್ಲ. ಮದುವೆಯ ಹಂದರ ಎಂದರೆ ಬೇಸಿಗೆಯ ಬಿಸಿಲೇ.

ಕಡೆಗೆ ಅರಿಷಿಣ ಬಿಟ್ಟೆ. ಎಣ್ಣೆ, ರಾಳ ಎರಡನ್ನೇ ಸಣ್ಣ ಉರಿಯಲ್ಲಿ ಕಾಸುತ್ತ ಕುಳಿತೆ. ಬಡಿಗೇರರು ಇಳಿಸುವ ಹೊತ್ತು ದಾಟಿತು. ಎಣ್ಣೆ ತಾನಾಗಿ ಜೇನಿನ ಬಣ್ಣಕ್ಕೆ ತಿರುಗಿತು, ಎಳೆದರೆ ದಾರ ಬರತೊಡಗಿತು. ಆಗ ಇಳಿಸಿದೆ. ತಡಮಾಡಿದರೆ ಕಪ್ಪಾಗುತ್ತದೆ, ಒಂದು ಕಡಾಯಿ ಹಾಗೆ ಹಾಳಾಗಿ ಮನೆತುಂಬ ಹೊಗೆ ಆಯಿತು. ಬೆರಳಿಗೆ ಹಳೆಯ ಅರಿವೆ ಸುತ್ತಿ ತೆಳ್ಳಗೆ ಬಳಿದೆ. ಜರ್ಮನಿಯದಕ್ಕಿಂತ ಸ್ವಲ್ಪ ಕೆಂಪು, ಹಳೆಯ ಬಂಗಾರದ ಬಣ್ಣ. ಬಿಸಿಲಿಗೆ ಇಟ್ಟೆ, ಹಾರಲಿಲ್ಲ. ಆದರೆ ಅಂಟಂಟು ಆರುವ ಮೊದಲೇ ಬೀದಿಯ ಧೂಳೆಲ್ಲ ಬಂದು ಕೂರುತ್ತಿತ್ತು. ಅದಕ್ಕೆ ದೊಡ್ಡ ಹೂವಿನ ಬುಟ್ಟಿ ಬೋರಲು ಹಾಕಿ, ಮೇಲೆ ಒದ್ದೆ ಅರಿವೆ ಹೊದಿಸಿ, ಅದರೊಳಗೆ ಆರಲು ಬಿಟ್ಟೆ. ಧೂಳು ಒದ್ದೆ ಅರಿವೆಗೆ ಹತ್ತಿತು, ತಗಡಿಗಲ್ಲ. ಮದುವೆಗೆ ಮೂರು ದಿನ ಇರುವಾಗ ನನ್ನ ಕೈಯಲ್ಲಿ ಬಂಗಾರ ಬೇಗಡಿಯ ಕಟ್ಟು ಇತ್ತು. ಅಷ್ಟೂ ಯಲವಿಗಿ ಸ್ಟೇಷನ್ನಿನ ಕಸ.

ಆ ಬಾಸಿಂಗಕ್ಕೆ ನಾನು ಹಾಕಿದ ಕೈ ಮತ್ಯಾವುದಕ್ಕೂ ಹಾಕಿಲ್ಲ. ನಡುವೆ ಎರಡು ನವಿಲು, ಮೇಲೆ ಕಳಸ, ಸುತ್ತ ಬಳೆಚೂರಿನ ಹಸಿರು ಕೆಂಪು ಸಾಲು, ಕೆಳಗೆ ಜರಿಯ ಗೊಂಡೆ. ಮುಗಿದಾಗ ಸಿಟ್ಟು ಸ್ವಲ್ಪ ಇಳಿದಂತೆಯೂ ಅನಿಸಿತು. ಮನೆಯವರು, "ಇನ್ನ ಸಾಕಲ್ಲ. ಎಂಜಲ ಅಂದಾವನ ಕೈಗೇ ಎಂಜಲ ಹಿಡಸ್ತೀ. ಹಂದರದಾಗ ಹೇಳು, ಇದು ಅದ ಸಿಗರೇಟಿನ್ದು ಅಂತ. ನಾಕ ಮಂದಿ ಮುಂದ ಮಾರಿ ಸಣ್ಣದಾಗ್ಲಿ" ಎಂದರು. ನ್ಯಾಯವಾದ ಮಾತೇ. ನಾನೂ ಹಾಗೆಯೇ ಮಾಡಬೇಕೆಂದು ಹೊರಟೆ. ಗಡಿಗೆಯಲ್ಲಿ ಉಳಿದ ವಿಮಾನದ ಬೇಗಡಿಯನ್ನು ಅದು ಹಾಳಾದ ದಿನವೇ ತಿಪ್ಪೆಗೆ ಸುರಿದು ಮಣ್ಣು ಎಳೆದಿದ್ದೆ.

ಹಂದರ ತುಂಬಿತ್ತು. ಅಬಲೂರಿನ ಬೀಗರು ಜರಿಯ ರುಮಾಲು ಸುತ್ತಿ ಸಾಲಾಗಿ ಕುಳಿತಿದ್ದರು. ಮೊರ ತೆಗೆದುಕೊಂಡು ಒಳಗೆ ಹೋದೆ. ಸಾಹುಕಾರರು ಪಡಸಾಲೆಯ ಕಂಬದ ಹತ್ತಿರ ಎದುರಾದರು. ಕಣ ಸರಿಸಿ ನೋಡಿದವರು ಉಸಿರು ಹಿಡಿದು ನಿಂತರು. ಮಗಳು ಒಳಬಾಗಿಲಿನಿಂದ ಇಣುಕಿ, "ಅಪ್ಪಾ, ಎಷ್ಟು ಛಂದ ಐತ್ಯೋ" ಎಂದಳು. ಹೆಂಗಸರು ಅವಳನ್ನು ಒಳಗೆಳೆದುಕೊಂಡರು.

"ಇಷ್ಟು ಬಂಗಾರ ಬೇಗಡಿ ಎಲ್ಲಿ ಸಿಕ್ಕಿತ ನಿನಗ?" ಎಂದು ಸಾಹುಕಾರರು ಮೆಲ್ಲಗೆ ಕೇಳಿದರು. ಉಗುರಿನಿಂದ ನವಿಲಿನ ರೆಕ್ಕೆಯನ್ನು ಎಬ್ಬಿಸಲು ನೋಡುತ್ತಿದ್ದರು. ಅದೇ ಉಗುರು. ಈ ಸಲ ಹುಣಸೆ ಅಂಟು ಬಿಡಲಿಲ್ಲ.

ನನ್ನ ಬಾಯಲ್ಲಿ ಎರಡು ಉತ್ತರ ಇದ್ದವು. ಖರೆ ಹೇಳಿದರೆ ಅವರಿಗೆ ಒಂದು ದಿನದ ನಾಚಿಕೆ. ಅದನ್ನು ಊಟದ ಗದ್ದಲದಲ್ಲಿ ಮಂದಿ ಮರೆಯುತ್ತಾರೆ, ನಾಳೆ ಅವರೂ ನಕ್ಕು ಬಿಡುತ್ತಾರೆ. ಅಪ್ಪನ ನಡಿಗೆ ಮರೆಯುವಂಥದ್ದಲ್ಲ. ಆ ಉಗುರು ನೋಡುತ್ತಲೇ ನಾನು ನಿರ್ಧಾರ ಮಾಡಿದೆ.

"ನೀವ ಕೊಟ್ಟದ್ದ ಐತ್ರಿ ಸಾಹುಕಾರ್ರ," ಎಂದೆ, ಅವರಿಗಷ್ಟೇ ಕೇಳುವಂತೆ. "ಇಂಥಾದ್ದು ನಾಕ ತಾಲೂಕಿನ್ಯಾಗ ಮತ್ತೆಲ್ಲೈತ್ರಿ? ನಿಮ್ಮವ್ವನ ವಿಮಾನದ್ದು. ಮರುದಿನ ಹೋಗಿ ಬಿಚಗೊಂಡು ಬಂದೇನಿ. ಒಂದೂ ಉಳಸಬ್ಯಾಡ ಅಂದಿದ್ರೆಲ್ಲಾ, ಉಳಸಿಲ್ಲ."

ಅವರ ಮುಖದ ರಕ್ತ ಇಳಿದುಹೋಯಿತು. ರೆಕ್ಕೆಯ ಮೇಲಿನ ಬೆರಳನ್ನು ಹಿಂದಕ್ಕೆ ಎಳೆದುಕೊಂಡರು.

"ಸುಳ್ಳ ಹೇಳಾಕತ್ತೀ."

"ಹಂಗಾರ ಬೀಗರನ್ನ ಕರದು ತೋರಸೂಣೇನ್ರಿ? ಬ್ಯಾಡಂದ್ರ ತಿರುಗಿ ಒಯ್ತೇನಿ. ನಮಗ ರೂಢಿ ಐತಿ."

ಹೊರಗಿನಿಂದ ಅಯ್ಯನವರು, "ಬಾಸಿಂಗ ತರ್ರಿ, ಹೊತ್ತಾತು" ಎಂದು ಕೂಗಿದರು. ವಾಲಗದವರು ಶುರು ಮಾಡಿದರು. ಸಾಹುಕಾರರು ನನ್ನನ್ನು ನೋಡಿದರು, ಬಾಸಿಂಗವನ್ನು ನೋಡಿದರು, ಬೀಗರ ರುಮಾಲುಗಳ ಸಾಲನ್ನು ನೋಡಿದರು. ಬೇರೆ ಬಾಸಿಂಗ ಊರಲ್ಲಿ ಇರಲಿಲ್ಲ. ತಿರುಗಿಸಿದರೆ ಮದುವೆ ನಿಲ್ಲುತ್ತದೆ, ಯಾಕೆ ಎಂದು ಹೇಳಿದರೆ ಮನೆತನ ಹೋಗುತ್ತದೆ. ಎರಡೂ ಕೈಯಿಂದ ಎತ್ತಿಕೊಂಡರು. ಹಂದರಕ್ಕೆ ನಡೆದರು. ನಾನು ಅವರ ಹಿಂದೆಯೇ ಹೋಗಿ ನೋಡಿದೆ. ಅವರು ತಲೆ ತಗ್ಗಿಸಿ ಮಂದಿಯ ನಡುವಿನಿಂದ ನಡೆದು, ತಮ್ಮ ಕೈಯಾರೆ ಅದನ್ನು ಅಯ್ಯನವರ ಕೈಗೆ ಕೊಟ್ಟರು. ಎಂಜಲಿಗೆ ಮೂಗು ಹಿಡಿದ ಮನುಷ್ಯ ಹೆಣದ ಬೇಗಡಿ ಎಂದು ನಂಬಿಯೂ ಮಗಳ ಹಣೆಗೆ ಕಟ್ಟಿಸಿದರು. ಅವರ ಮಡಿ ಎಷ್ಟು ಗಟ್ಟಿ ಎಂಬುದನ್ನು ನಾನೊಬ್ಬಳೇ ನೋಡಿದೆ, ಸಾಕು.

ಬೀಗಿತಿಯರು ಬಾಸಿಂಗ ಎಲ್ಲಿಯದೆಂದು ಕೇಳಿದ್ದಕ್ಕೆ ಸಾಹುಕಾರರು, ಪುಣೆಯದು ಎಂದರಂತೆ. ಹೆಂಗಸರಿಗೆ ಕಣ್ಣಿರುತ್ತದೆ, ಅವರು ನಂಬಲಿಲ್ಲ. ಮುಂದಿನ ಮದುವೆಯ ಕಾಲಕ್ಕೆ ಹಿರೇಕೆರೂರಿನಿಂದಲೇ ನನಗೆ ವೀಳ್ಯ ಬಂತು. ಆಮೇಲೆ ಹಾನಗಲ್ಲು, ಆಡೂರು. ಕೇಳಿದವರಿಗೆ ಯಾವುದರಿಂದ ಮಾಡಿದ್ದೆಂದು ನಾನು ಮುಚ್ಚಿಡಲಿಲ್ಲ. ಹೊಳೆಯುವುದನ್ನು ಕಂಡ ಮೇಲೆ ಯಾರೂ ಮೂಗು ಹಿಡಿಯಲಿಲ್ಲ. ಶಿಗ್ಗಾವಿಯವರೂ ಬಂದರು. ಅವರಿಗೆ ಮಾತ್ರ ಬಿಳಿಯದನ್ನೇ ಕಟ್ಟಿ ಕೊಟ್ಟೆ, ಬಾಯಿ ಮುಚ್ಚಿಕೊಂಡು ಒಯ್ದರು.

ಸಿಗರೇಟಿನ ಬಂಗಾರದ ಸುದ್ದಿ ಸಾಹುಕಾರರಿಗೂ ಮುಟ್ಟಿತ್ತು, ಆದರೆ ಮಗಳ ಬಾಸಿಂಗ ಅದರದ್ದೋ ವಿಮಾನದ್ದೋ ತಿಳಿಯದೆ ಒಳಗೇ ಸವೆದರು. ಮಗಳಿಗೆ ಜ್ವರ ಎಂದರೆ ಇವರಿಗೆ ಊಟ ಸೇರದು. ಬಸುರಿ ಎಂದು ಸುದ್ದಿ ಬಂದಾಗ ಗುಡಿ ಗುಡಿ ತಿರುಗಿದರು. ಹುಡುಗಿ ಗುಂಡುಕಲ್ಲಿನ ಹಾಗೆ ಇದ್ದಳು, ಮೊದಲ ಹೆರಿಗೆಯೂ ಸುಖವಾಗಿ ಆಯಿತು. ಆದರೂ ಒಂದು ದಿನ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ತಾವೇ ಕುಳಿತರು.

"ಖರೆ ಹೇಳವಾ. ಅದು ನಮ್ಮವ್ವಂದ ಏನ?"

ನಾನು ಕವಡೆಯಿಂದ ತಗಡು ತಿಕ್ಕುತ್ತಿದ್ದೆ. ಕೈ ನಿಲ್ಲಿಸಲಿಲ್ಲ. "ಹೇಳ್ತೇನ್ರಿ. ಸಂತಿ ದಿನಾ ನಿಮ್ಮ ಅಂಗಡಿ ಮುಂದ ನಿಂತು, ಹೂಗಾರ ಕಟ್ಟಿಸಿದ ಬಾಸಿಂಗ ಶಿಗ್ಗಾವ್ಯಾಗ ನಾ ತಿರುಗಿಸಿದ್ದು ತಪ್ಪಾತು ಅನ್ರಿ. ಅವನ ಮಗಳು ಕಟ್ಟಿದ್ದ ನನ್ನ ಮಗಳ ಹಣಿಗೆ ಕಟ್ಟೇನಿ ಅನ್ರಿ. ಅಂದು ಬರ್ರಿ, ಖರೆ ಹೇಳ್ತೇನಿ."

"ಸತ್ತವ ಕೇಳತಾನೇನು?"

"ಅವಗಲ್ರಿ. ಸಂತಿಗಿ."

ಅವರು ಎದ್ದು ಹೋದರು. ಆಮೇಲಿನ ಸಂತೆಯ ದಿನಗಳಲ್ಲಿ ನಾನು ಹೂವಿನ ಬುಟ್ಟಿಯನ್ನು ಬೇಕೆಂದೇ ಅವರ ಅಂಗಡಿಯ ಎದುರಿಗೇ ಇಟ್ಟುಕೊಂಡು ಕೂರುತ್ತಿದ್ದೆ. ಅವರು ಒಮ್ಮೊಮ್ಮೆ ಕಟ್ಟೆಯ ತುದಿಯವರೆಗೆ ಬರುತ್ತಿದ್ದರು. ನಾಲ್ಕು ಮಾತು ಆಡಿದ್ದರೆ ಆಗುತ್ತಿತ್ತು, ಹಗುರಾಗಿ ಮನೆಗೆ ಹೋಗುತ್ತಿದ್ದರು. ತಿರುಗಿ ಒಳಗೆ ಹೋಗುತ್ತಿದ್ದರು. ಅವರನ್ನು ಕಟ್ಟಿಹಾಕಿದ್ದು ನನ್ನ ಸುಳ್ಳಲ್ಲ. ಮಗಳಿಗಿಂತ ಅವರಿಗೆ ಹೆಚ್ಚಾಗಿದ್ದದ್ದು ತಮ್ಮ ಅಂಗಡಿಯ ಕಟ್ಟೆಯ ಮಾನವೇ.

ಸ್ವಾತಂತ್ರ್ಯ ಬಂದು ಸ್ವಲ್ಪ ದಿನಕ್ಕೆ ಸಾಹುಕಾರರು ತೀರಿಕೊಂಡರು. ಕರೆ ಬಂತು, ಹೋದೆ. ಹೊಸ ಬೇಗಡಿ ಪೇಟೆಗೆ ಇನ್ನೂ ಬಂದಿರಲಿಲ್ಲ. ನನ್ನದನ್ನೇ ಹಚ್ಚಿದೆ, ಕಂಬಕ್ಕೆ, ಕಮಾನಿಗೆ, ಕಳಸಕ್ಕೆ. ಅಬಲೂರಿನಿಂದ ಮಗಳು ಎರಡು ಮಕ್ಕಳನ್ನು ಎತ್ತಿಕೊಂಡು ಬಂದಿದ್ದಳು. ಸಾಹುಕಾರರನ್ನು ವಿಮಾನದಲ್ಲಿ ಕೂರಿಸಿದ ಮೇಲೆ ರುಮಾಲು ವಾಲಿತ್ತು. ಅದನ್ನು ನೆಟ್ಟಗೆ ಮಾಡಲು ನಾನೇ ಬಾಗಿದೆ. ಅವರ ಕಿವಿ ನನ್ನ ಬಾಯಿಗೆ ಒಂದು ಗೇಣಿನಷ್ಟೂ ದೂರ ಇರಲಿಲ್ಲ, ಸುತ್ತ ಭಜನೆಯ ಗದ್ದಲ, ಖರೆ ಹೇಳಿದ್ದರೆ ಮತ್ಯಾರಿಗೂ ಕೇಳುತ್ತಿರಲಿಲ್ಲ.

ರುಮಾಲು ಸರಿ ಮಾಡಿ ಹಿಂದೆ ಸರಿದೆ. ಹೇಳಲಿಲ್ಲ.